ಜಾಗ ಬಿಟ್ಟ ಬಣ್ಣಗಳು

ಬಣ್ಣದ ವಿಚಾರಕ್ಕೆ ವಾರಕ್ಕೊಬ್ಬರಾದರೂ ನನ್ನ ಅಂಗಡಿಗೆ ಜಗಳಕ್ಕೆ ಬರುತ್ತಿದ್ದರು. ಅರಸೀಕೆರೆಯಲ್ಲಿ ನನ್ನದೊಂದು ವಿಡಿಯೋ ಮಿಕ್ಸಿಂಗ್ ಅಂಗಡಿ. ಮದುವೆ, ಪ್ರವಾಸದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿ, ಕತ್ತರಿಸಿ, ಜೋಡಿಸಿ ಕೊಡುತ್ತಿದ್ದೆ. ಆಗಿನ ಕ್ಯಾಮೆರಾಗಳಿಗೆ ಒಂದು ರೋಗ. ಬಿಸಿಲಲ್ಲಿ ವಸ್ತುಗಳ ಅಂಚಿಗೆ ನೇರಳೆ ಗೆರೆ ಅಂಟುತ್ತಿತ್ತು. ಕ್ಯಾಸೆಟ್ ಕಾಪಿ ಮಾಡಿದರಂತೂ ಕೆಂಪು ಪಕ್ಕಕ್ಕೆ ಜಾರುತ್ತಿತ್ತು. ಅದನ್ನು ಹೇಗೋ ಸರಿ ಮಾಡಬಹುದು. ಅದನ್ನು ನೋಡಿ ಜನ ಕಟ್ಟುವ ಕಥೆಗೆ ಮಾತ್ರ ನನ್ನ ಹತ್ತಿರ ಮದ್ದಿರಲಿಲ್ಲ.

೧. ಮೇಷ್ಟ್ರ ಕೂದಲು

ಹಾರನಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಮಗಳ ಮದುವೆ ಕ್ಯಾಸೆಟ್ ತಂದರು. ಬೆನ್ನ ಹಿಂದಿನ ಬಿಸಿಲಿಗೆ ಅವರ ಬಿಳಿ ಕೂದಲ ಸುತ್ತ ನೇರಳೆ ಅಂಚು ಮಿನುಗುತ್ತಿತ್ತು.

"ಈ ವಯಸ್ಸಲ್ಲಿ ಮೇಷ್ಟ್ರು ತಲೆಗೆ ಬಣ್ಣ ಹಚ್ಚಿದಾರೆ ಅಂತ ಊರೆಲ್ಲ ನಗ್ತಿದೆ ಕಣ್ರೀ!" ಅಂತ ಸಂಕಟಪಟ್ಟರು.

ಇಡೀ ಚಿತ್ರದಲ್ಲಿ ನೇರಳೆ ಎಲ್ಲಿದ್ದರೂ ಹುಡುಕಿ ತೆಗೆಯುವ ಒಂದು ಉಪಾಯ ಕಂಪ್ಯೂಟರಿನಲ್ಲಿತ್ತು. ತೆಗೆದು ಕಳಿಸಿದೆ. ಮೇಷ್ಟ್ರು ಖುಷಿಯಾಗಿ ಹೋದರು. ಮಾರನೇ ದಿನ ಅವರ ಹೆಂಡತಿ ಬಂದರು.

"ಇವರ ತಲೆ ಸರಿಹೋಯ್ತು. ನಾನು ಧಾರೆಗೆ ಉಟ್ಟಿದ್ದ ನೇರಳೆ ರೇಷ್ಮೆ ಸೀರೆ ಎಲ್ಲಪ್ಪಾ? ಗಂಡ ಗಟ್ಟಿಮುಟ್ಟಾಗಿ ಪಕ್ಕದಲ್ಲೇ ಕೂತಿರುವಾಗ ನನಗ್ಯಾಕೆ ಬಿಳಿ ಸೀರೆ ಉಡಿಸಿದೆ?"

೨. ಅಜ್ಜಿಯ ಬೆಳಕು

ಹಗರೆಯ ಒಂದು ಸಂಸಾರ ಬೇಲೂರು ದೇವಸ್ಥಾನಕ್ಕೆ ಹೋದಾಗ ತೆಗೆದ ವಿಡಿಯೋ. ಆಕಾಶದ ಬೆಳಕಿಗೆ ಎದುರಾಗಿ ನಿಂತ ವಿಗ್ರಹಗಳಿಗೆಲ್ಲ ನೇರಳೆ ಅಂಚು. ನಾನು ಶ್ರದ್ಧೆಯಿಂದ ಒಂದೊಂದೇ ಒರೆಸಿ ಕೊಟ್ಟೆ. ನಾಲ್ಕೇ ದಿನಕ್ಕೆ ಮನೆಯ ಅಜ್ಜಿ ಮಗನನ್ನು ಎಳೆದುಕೊಂಡು ಬಂದಿತು.

"ದೇವ್ರ ಸುತ್ತ ಬೆಳಕೈತೆ ಅಂತ ಬೀದಿಯೋರ್ನೆಲ್ಲ ಕರ್ದು ತೋರ್ಸಿದ್ದೆ. ಎಲ್ಲಿ ಮಡಗಿದ್ದೀಯ ಅದನ್ನ?"

"ಅದು ಬೆಳಕಲ್ಲ ಅಜ್ಜಿ, ಕ್ಯಾಮೆರಾ ಗಾಜಿನ ದೋಷ."

"ನನ್ ಕನ್ನಡಕಕ್ಕೂ ಗಾಜೈತೆ. ಇದ್ರಾಗ್ಯಾಕೆ ಕಾಣಾಕಿಲ್ಲ?"

ಒರೆಸಿದ್ದನ್ನೆಲ್ಲ ವಾಪಸ್ ಹಾಕಿದೆ. ಅಜ್ಜಿ ಟಿವಿಗೆ ಕೈಮುಗಿದು, ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿತು.

"ಇನ್ನೊಸಿ ಜಾಸ್ತಿ ಹಾಕು ಮಗಾ. ಪಕ್ಕದ್ಮನೆಯೋಳ ಕಣ್ಣು ಮಂಜು."

೩. ಕೆನ್ನೆಯ ಕೆಂಪು

ಒಂದು ಬೆಳಿಗ್ಗೆ ಹೊಸ ಮದುವಣಿಗನೊಬ್ಬ ಓಡಿ ಬಂದ. "ಸಾರ್, ನನ್ನ ಸಂಸಾರ ಉಳಿಸಿ!"

ಆರತಕ್ಷತೆಯ ದಿನ ಅವನ ಆಫೀಸಿನ ಹೆಣ್ಣುಮಗಳೊಬ್ಬಳು ವೇದಿಕೆಗೆ ಬಂದಿದ್ದಳು. ವಾದ್ಯದ ಗಲಾಟೆಯಲ್ಲಿ ಮಾತು ಕೇಳದೆ ಇವನ ಕಿವಿಯ ಹತ್ತಿರ ಬಗ್ಗಿ ಶುಭಾಶಯ ಹೇಳಿದ್ದಳು. ಕಾಪಿ ಮಾಡಿದ ಕ್ಯಾಸೆಟ್ಟಿನಲ್ಲಿ ಅವಳ ತುಟಿಯ ಕೆಂಪು ಬಲಕ್ಕೆ ಜಾರಿ ಇವನ ಕೆನ್ನೆಗೆ ಅಂಟಿತ್ತು. ಹೆಂಡತಿ ಅದನ್ನು ನೋಡಿದವಳೇ ಕಣಕಟ್ಟೆಯ ತವರಿಗೆ ಹೋಗಿ ಕೂತಿದ್ದಳು. ಮೂಲ ಕ್ಯಾಸೆಟ್ಟಿನ ಮೇಲೆ ಯಾರೋ ಬೇರೆ ಮದುವೆ ತೆಗೆದುಬಿಟ್ಟಿದ್ದರು.

"ಎಲ್ಲರನ್ನೂ ಇಲ್ಲಿಗೇ ಕರ್ಕೊಂಡು ಬನ್ನಿ, ಕಣ್ಣೆದುರೇ ಸರಿ ಮಾಡ್ತೀನಿ" ಅಂದೆ.

ಮದುವೆ ಹುಡುಗಿ, ಅವಳ ಅಪ್ಪ, ಅಮ್ಮ ಬಂದು ಕೂತರು. ಹುಡುಗಿಯ ಮುಖ ಊದಿಕೊಂಡಿತ್ತು. "ನೋಡಮ್ಮ, ಇದು ಬಣ್ಣ ಜಾರಿರೋದು ಅಷ್ಟೇ" ಅಂತ ಹೇಳಿ ಕೆಂಪನ್ನು ಸ್ವಲ್ಪ ಎಡಕ್ಕೆ ಎಳೆದೆ. ಅಳಿಯನ ಕೆನ್ನೆ ಥಟ್ಟನೆ ಶುಭ್ರವಾಯಿತು. ಅವನು ನಿಟ್ಟುಸಿರು ಬಿಟ್ಟ. ಹುಡುಗಿ ಗಂಡನನ್ನು ನೋಡಿ ಮೊದಲ ಸಲ ನಕ್ಕಳು.

ಆದರೆ ಗಡಿಬಿಡಿಯಲ್ಲಿ ನಾನು ಎಳೆದದ್ದು ಜಾಸ್ತಿಯಾಗಿತ್ತು. ಆ ಹೆಣ್ಣುಮಗಳ ಎಡಕ್ಕೆ, ಅವಳು ಏನು ಹೇಳುತ್ತಿದ್ದಾಳೆ ಅಂತ ಕೇಳಲು ಕತ್ತು ಚಾಚಿ ನಿಂತಿದ್ದವರು ಹುಡುಗಿಯ ಅಪ್ಪ. ಕೆಂಪೆಲ್ಲ ಹೋಗಿ ಅವರ ಕೆನ್ನೆಯ ಮೇಲೆ ಕೂತಿತ್ತು.

ಅತ್ತೆ ಟಿವಿಯನ್ನು ನೋಡಿದರು, ಗಂಡನನ್ನು ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಳಿಯಂದ್ರೇ, ನೀವು ನಮ್ಮುಡುಗೀನ ಕರ್ಕೊಂಡು ಮನೆಗೆ ಹೊರಡಿ. ಇವರ್ತಾವ ನಂದು ಒಸಿ ಮಾತೈತೆ."