ಕಿಟಕಿಯ ಬಳಿ ನಾಯಕರು ನಿಂತಿರಲಿಲ್ಲವೆಂದು ಹೇಳಲು ಅನುಮತಿ ಕೋರಿ

ಇಂದ:
ಹಿರಿಯ ಗೈಡ್,
ಯುದ್ಧಕಾಲದ ನಾಯಕರ ಸ್ಮಾರಕ ಭವನ

ಗೆ:
ಮಾನ್ಯ ನಿರ್ದೇಶಕರು,
ಅದೇ ಭವನ, ಮೊದಲ ಮಹಡಿ

ವಿಷಯ: ಹತ್ತೊಂಬತ್ತು ವರ್ಷಗಳಿಂದ ಹೇಳುತ್ತಿರುವ ಸುಳ್ಳನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: ನನ್ನನ್ನು ‘ಅತ್ಯುತ್ತಮ ಗೈಡ್’ ಎಂದು ಕರೆದ ತಮ್ಮ ಪ್ರಶಂಸಾಪತ್ರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ:

1. ನಾನು ಕೆಲಸಕ್ಕೆ ಸೇರಿದಾಗ ನಾಯಕರ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ ಬಿಟ್ಟರೆ ತೋರಿಸಲು ಏನೂ ಇರಲಿಲ್ಲ. ಬಂದವರು ಆಕಳಿಸುತ್ತಿದ್ದರು. ಆದಕಾರಣ, ಬಾಂಬು ಬಿದ್ದ ದಿನ ಎಲ್ಲರೂ ನೆಲಮಾಳಿಗೆಗೆ ಓಡಿದರೂ ನಾಯಕರು ಮಾತ್ರ ಈ ಕಿಟಕಿಯ ಬಳಿ ನಿಂತೇ ಇದ್ದರು ಎಂದುಬಿಟ್ಟೆ. ಆಕಳಿಕೆ ನಿಂತಿತು. ಮರುವಾರ ಕತೆಯಲ್ಲಿ ನಾಯಕರ ಕೈಗೆ ಚಹಾದ ಕಪ್ಪು ಕೊಟ್ಟೆ. ಅದರ ಮುಂದಿನ ವಾರ, ಚಹಾ ಒಂದು ಹನಿಯೂ ಚೆಲ್ಲಲಿಲ್ಲ. ವರ್ಷ ತುಂಬುವಷ್ಟರಲ್ಲಿ ಕಚೇರಿಯವರೇ ಒಂದು ಕಪ್ಪನ್ನು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅದನ್ನು ಕಂಡ ಮೇಲೆ ನಾನೂ ನಂಬಿದೆ, ಮನೆಯಲ್ಲೂ ಹೇಳತೊಡಗಿದೆ.

2. ಕಳೆದ ತಿಂಗಳು ಭೂಮಿ ಕಂಪಿಸಿದಾಗ ನಮ್ಮ ಮನೆಯಿರುವ ಕಟ್ಟಡದಿಂದ ಎಲ್ಲರಿಗಿಂತ ಮೊದಲು ಬೀದಿ ತಲುಪಿದವನು ನಾನು. ಚಪ್ಪಲಿ ಒಂದೇ ಕಾಲಿಗಿತ್ತು. ಹೆಂಡತಿ ಹಿಂದೆಯೇ ಬಂದು ಮಗಳೆಲ್ಲಿ ಎಂದಾಗಲೇ ನನಗೊಬ್ಬಳು ಮಗಳಿರುವುದು ನೆನಪಾದದ್ದು. ತಲೆಯೆತ್ತಿ ನೋಡಿದರೆ, ಎಂಟು ವರ್ಷದ ಅವಳು ಹಾಲಿನ ಲೋಟ ಹಿಡಿದು ಕಿಟಕಿಯಲ್ಲಿ ನಿಂತಿದ್ದಳು. ನಾನು ಮೇಲೆ ಓಡುವಷ್ಟರಲ್ಲಿ ಗಾರೆ ಕಳಚಿ ಬಿದ್ದು ಅವಳ ಎಡಗೈ ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕುವಾಗ ಅವಳು ಹೇಳಿದ್ದು ಇಷ್ಟೇ:

“ಅಪ್ಪಾ, ಗಾರೆ ಬೀಳೋವರೆಗೂ ಹಾಲು ಚೆಲ್ಲಿರಲಿಲ್ಲ.”

ಹೆಂಡತಿ ನನ್ನ ಮುಖ ನೋಡಲಿಲ್ಲ.

3. ಆದ್ದರಿಂದ ಭವನದಲ್ಲಿರುವ ಯುದ್ಧಕಾಲದ ಹಾಜರಿ ಪುಸ್ತಕವನ್ನು ತೆಗೆದೆ. (ಇಷ್ಟು ವರ್ಷ ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದೆ.) ಬಾಂಬು ಬಿದ್ದ ದಿನ ಕೆಲಸದಲ್ಲಿದ್ದ ಟೆಲಿಫೋನ್ ಆಪರೇಟರ್ ಒಬ್ಬರು ಇನ್ನೂ ಇದ್ದಾರೆ. ವಯಸ್ಸು ಎಂಬತ್ತೊಂದು, ಬಸ್ ಡಿಪೋ ಹಿಂದೆ ಮಗಳ ಮನೆಯಲ್ಲಿ ವಾಸ. ಅವರೆದುರು ಕಿಟಕಿಯ ಕತೆಯನ್ನು ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು:

“ಚೆನ್ನಾಗಿ ಹೇಳ್ತೀಯಪ್ಪ. ಆದ್ರೆ ಅವರು ಕೆಳಗೆ ನೆಲಮಾಳಿಗೇಲಿದ್ರು, ನನ್ನ ಪಕ್ಕದಲ್ಲೇ. ಕೈ ನಡುಗಿ ರಿಸೀವರ್ ಹಿಡಿಯೋಕೇ ಆಗ್ತಿರಲಿಲ್ಲ. ನಾನೇ ಅವರ ಕಿವಿಗೆ ಹಿಡಿದಿದ್ದೆ. ಹಾಗೇ ನಡುಗ್ತಾ ನಡುಗ್ತಾ ಒಂದೊಂದೇ ಠಾಣೆಗೆ ಫೋನ್ ಮಾಡಿ, ಒಂದೊಂದೇ ಬೀದಿ ಖಾಲಿ ಮಾಡಿಸಿದ್ರು. ನಮ್ಮಮ್ಮ ಇದ್ದ ಬೀದೀನೂ.”

4. ಇದನ್ನು ಮಗಳಿಗೆ ಹೇಳಿದೆ. ಅವಳು ಯೋಚಿಸಿ, “ಹಾಗಾದ್ರೆ ಹೆದರ್ಕೊಂಡ್ರೂ ಪರವಾಗಿಲ್ವಾ?” ಎಂದು ಕೇಳಿದಳು. ಪರವಾಗಿಲ್ಲ ಎಂದೆ. ನಾಯಕರು ಹೆದರಿಯೂ ಊರನ್ನು ನೆನೆದರು, ನಾನು ಹೆದರಿ ಮಗಳನ್ನೇ ಮರೆತೆ ಎಂಬ ವ್ಯತ್ಯಾಸವನ್ನು ಅವಳು ಎತ್ತಲಿಲ್ಲ. ಸದರಿ ಔದಾರ್ಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಆದ್ದರಿಂದ, ಕಿಟಕಿಯ ಕತೆಯನ್ನು ನಿಲ್ಲಿಸಲು, ಮುರಿದ ಕುರ್ಚಿಗಳು ತುಂಬಿರುವ ನೆಲಮಾಳಿಗೆಯನ್ನು ತೆರವು ಮಾಡಿಸಲು, ಮತ್ತು ಇನ್ನು ಮುಂದೆ ಜನರನ್ನು ಅಲ್ಲಿಗೇ ಕರೆದೊಯ್ಯಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ.

ಇಂತಿ,
(ಕೆಲಸ ಉಳಿದರೆ) ತಮ್ಮ ವಿಶ್ವಾಸಿ,
ಹಿರಿಯ ಗೈಡ್

ಲಗತ್ತುಗಳು:
ಅ. ಹಾಜರಿ ಪುಸ್ತಕದ ಪುಟ (ಎಣ್ಣೆ ಕಲೆಗೆ ಕ್ಷಮೆಯಿರಲಿ).
ಆ. ಆಪರೇಟರ್ ಅವರ ಹೇಳಿಕೆ, ಅವರದೇ ಕೈಬರಹದಲ್ಲಿ.

ವಿ.ಸೂ.: ಆ ಜಾಗವನ್ನು ತೋರಿಸಲು ಆಪರೇಟರ್ ಅವರು ಶುಕ್ರವಾರ ಬರಲು ಒಪ್ಪಿದ್ದಾರೆ. ನೆಲಮಾಳಿಗೆಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿಯಿಲ್ಲ. ಅಂದೂ ಇರಲಿಲ್ಲವಂತೆ, ನಾಯಕರು ಇವರ ಭುಜ ಹಿಡಿದು ಇಳಿದರಂತೆ. ಆದಕಾರಣ, ಗುರುವಾರದೊಳಗೆ ಒಂದು ಕಂಬಿ ಹಾಕಿಸಿಕೊಡಬೇಕಾಗಿ ಕೋರಿಕೆ.