ಹೆಂಡತಿಯ ದನಿ ಹೆಡ್‌ಫೋನಿನಲ್ಲಿ ಕೇಳಿಸದಿದ್ದಾಗ ಅನುಸರಿಸತಕ್ಕ ಕ್ರಮಗಳು

ವಸತಿ ಸಮುಚ್ಚಯ ನಿರ್ವಹಣಾ ಕಚೇರಿ, ಗುನ್ಸಾನ್
ಸಂಖ್ಯೆ: ನಿಕ/ಶಬ್ದ/ಹೆಂ.ದ/37

ವಿಷಯ: ಮನೆ ಸಂಖ್ಯೆ 804ರ ತಾಲೀಮು ಕೋಣೆಯಲ್ಲಿ ಶ್ರೀಮತಿ ಸೊಲ್ ಮಾಲ್ರ್ಯೆ ಅವರ ದನಿ ಕಾಣೆಯಾದ ಬಗ್ಗೆ.

ಉಲ್ಲೇಖ: 1) ಮನೆ 704ರ ಶ್ರೀಮತಿ ಪ್ಯೋ ಗ್ವಿನಾಮ್ ಅವರ ಹನ್ನೊಂದು ಲಿಖಿತ ದೂರುಗಳು.
2) ಸದರಿಯವರು ಲಿಫ್ಟಿನಲ್ಲಿ ನೀಡಿದ ಮೌಖಿಕ ದೂರು (ಏಳನೇ ಮಹಡಿಯಿಂದ ನೆಲಮಹಡಿಯವರೆಗೆ).

ಸಮುಚ್ಚಯದಲ್ಲಿ ಹಾಡುವವರು, ಬಾರಿಸುವವರು ಹಾಗೂ ಅವರನ್ನು ಮದುವೆಯಾದವರೆಲ್ಲರಿಗೂ ಅನ್ವಯಿಸುವಂತೆ ಈ ಕೆಳಕಂಡದ್ದನ್ನು ಹೊರಡಿಸಲಾಗಿದೆ.

1. ನಿವೃತ್ತ ಬಸ್ ಚಾಲಕರಾದ ಶ್ರೀ ತಾಕ್ ಜೊಂಗ್‌ಮುನ್ ಅವರು ಕಿಮ್ಚಿ ಉಪ್ಪಿನಕಾಯಿಯ ಫ್ರಿಜ್ಜನ್ನು ಬಾಲ್ಕನಿಗೆ ತಳ್ಳಿ, ಅದಿದ್ದ ಕೋಣೆಯಲ್ಲಿ ಎಲೆಕ್ಟ್ರಾನಿಕ್ ಡ್ರಮ್ ಸ್ಥಾಪಿಸಿರುತ್ತಾರೆ. ಅವರ ಪತ್ನಿ ಮಾಲ್ರ್ಯೆ ಹಾಡುತ್ತಾರೆ. ಆಕೆಯ ತಮ್ಮ ಚಾಂಗ್‌ಗ್ಯು ಕೀಬೋರ್ಡ್ ನುಡಿಸುತ್ತಾರೆ. ನೆರೆಹೊರೆಗೆ ತೊಂದರೆಯಾಗದಿರಲೆಂದು ಎಲ್ಲ ಸದ್ದನ್ನೂ ಮಿಕ್ಸರ್ ಎಂಬ ಸದ್ದು ಬೆರೆಸುವ ಪೆಟ್ಟಿಗೆಗೆ ಕಳಿಸಿ, ಮೂವರೂ ಹೆಡ್‌ಫೋನಿನಲ್ಲಿ ಕೇಳುವ ವ್ಯವಸ್ಥೆ ಮಾಡಲಾಗಿದೆ. ಅಕ್ಟೋಬರಿನ ಸಮುಚ್ಚಯ ಗಾಯನ ಸ್ಪರ್ಧೆಗೆ ಈ ತಂಡದ ಹೆಸರು ನೋಂದಾಯಿಸಲ್ಪಟ್ಟಿದೆ.

2. ಸ್ಪರ್ಧೆಗೆ ಮೂರು ವಾರವಿರುವಾಗ ಜೊಂಗ್‌ಮುನ್ ಅವರ ಕಿವಿಯಲ್ಲಿ ಡ್ರಮ್ಮೂ ಕೀಬೋರ್ಡೂ ಉಳಿದು, ಹೆಂಡತಿಯ ದನಿ ಮಾತ್ರ ಹೋಯಿತು. ಉಳಿದದ್ದು ದೂರದ ಬಚ್ಚಲುಮನೆಯಲ್ಲಿ ಯಾರೋ ಗುನುಗಿದಂಥ ಪ್ರತಿಧ್ವನಿ. ಆಕೆ ಯಾವುದೋ ಸಿಟ್ಟಿಗೆ ಮೆಲ್ಲಗೆ ಹಾಡುತ್ತಿದ್ದಾಳೆಂದು ತಿಳಿದು, ಕೇಳಿದರೆ ಸಿಟ್ಟಿನ ಕಾರಣ ಹೊರಬರುತ್ತದೆಂದು ಹೆದರಿ, ಸದರಿಯವರು ಒಂಬತ್ತು ದಿನ ಸುಮ್ಮನಿದ್ದರು.

3. ಆದ್ದರಿಂದ, ದನಿ ಕೇಳಿಸದಿದ್ದಲ್ಲಿ ಪ್ರಥಮತಃ ಹೆಂಡತಿಯ ಬಾಯಿಯನ್ನು ಪರಿಶೀಲಿಸತಕ್ಕದ್ದು. ಬಾಯಿ ತೆರೆದಿದ್ದರೆ ದೋಷ ವೈರಿನಲ್ಲಿದೆ. ಮುಚ್ಚಿದ್ದರೆ ಅದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

4. ಸದ್ದಿನ ತಿರುಪನ್ನು ಕೊನೆಯವರೆಗೆ ತಿರುಗಿಸುವುದನ್ನು ನಿಷೇಧಿಸಲಾಗಿದೆ. ಹಾಗೆ ಮಾಡಿದ ಜೊಂಗ್‌ಮುನ್ ಅವರು ಮುಂದಿನ ಎರಡು ದಿನ "ಊಟ ಆಯ್ತಾ?" ಎಂಬ ಪ್ರಶ್ನೆಗೆ "ಸೋಮವಾರ" ಎಂದು ಉತ್ತರಿಸಿರುವುದು ಕಾವಲುಗಾರರ ದಿನಚರಿಯಲ್ಲಿ ದಾಖಲಾಗಿದೆ.

5. ಹತ್ತನೇ ದಿನ ಮಾಲ್ರ್ಯೆ ಅವರು ಹಾಡನ್ನು ನಡುವೆಯೇ ನಿಲ್ಲಿಸಿದರು. ಪತಿ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದರು. ಆಕೆ ಬಂದು ಅವರ ಹೆಡ್‌ಫೋನು ಕಿತ್ತರು. ನಂತರದ ಮಾತುಕತೆಯನ್ನು ಚಾಂಗ್‌ಗ್ಯು ಅವರ ಹೇಳಿಕೆಯಂತೆ ನಮೂದಿಸಲಾಗಿದೆ:

"ನಾನು ನಿಲ್ಲಿಸಿದ್ದು ಗೊತ್ತಾಗ್ಲಿಲ್ವೇನ್ರೀ?"
"ನಿನ್ ದನೀನೇ ಕೇಳಿಸ್ತಿಲ್ಲ ಕಣೇ."
"ಯಾವಾಗಿಂದ?"
"ಹೋದ ವಾರದಿಂದ."
"ನಲವತ್ತು ವರ್ಷದಿಂದ ಅನ್ನಿ!"

ಈ ಅವಧಿಯ ಲೆಕ್ಕವನ್ನು ಕಚೇರಿ ಪರಿಶೀಲಿಸಿಲ್ಲ.

6. ಹೆಡ್‌ಫೋನುಗಳನ್ನು ಅದಲುಬದಲು ಮಾಡಿ ನೋಡಲಾಯಿತು. ಚಾಂಗ್‌ಗ್ಯು ಕೂತಲ್ಲಿ ದನಿ ಸ್ಪಷ್ಟ. ಜೊಂಗ್‌ಮುನ್ ಕೂತಲ್ಲಿ ಇಲ್ಲ. ಮೈಕಿನ ವೈರು ಬದಲಾಯಿಸಲಾಯಿತು. ಮಿಕ್ಸರನ್ನು ಆರಿಸಿ ಹಚ್ಚಲಾಯಿತು. ಅದರ ಮೇಲೆ ಊದಲಾಯಿತು. ಜೊಂಗ್‌ಮುನ್ ಅವರ ಹೆಡ್‌ಫೋನು ಸಿಕ್ಕಿಸಲೆಂದು ಮಿಕ್ಸರಿನ ತೂತಿನಲ್ಲಿ ಕಾಯಂ ಆಗಿ ನಿಂತಿದ್ದ ದಪ್ಪ ಪಿನ್ನನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ತಮ್ಮನ ಕಿವಿಗೆ ಕೇಳುತ್ತೆ, ಗಂಡನ ಕಿವಿಗೆ ಮಾತ್ರ ಇಲ್ಲ," ಎಂದು ಮಾಲ್ರ್ಯೆ ಅವರು ತೀರ್ಮಾನ ನೀಡಿದರು. ಮೂವತ್ತು ವರ್ಷ ಬಸ್ಸಿನ ಸಣ್ಣ ಕಿರುಗುಟ್ಟುವಿಕೆಯನ್ನೂ ಗುರುತಿಸಿದ ಕಿವಿ ತಮ್ಮದೇ ಎಂಬುದರಲ್ಲಿ ಜೊಂಗ್‌ಮುನ್ ಅವರಿಗೆ ಅನುಮಾನ ಬಂದಿತ್ತು.

7. ಇದೇ ವೇಳೆಗೆ ಶ್ರೀಮತಿ ಪ್ಯೋ ಗ್ವಿನಾಮ್ ಅವರು ಹನ್ನೆರಡನೇ ದೂರಿನೊಂದಿಗೆ 804ಕ್ಕೆ ಖುದ್ದಾಗಿ ಹಾಜರಾದರು.

"ಡ್ರಮ್ಮಿಲ್ಲ, ಏನಿಲ್ಲ, ದಿನಾ ಬರೀ ಹಾಡು ಕೆಳಗೆ ಇಳೀತದೆ. ಒಗ್ಗರಣೆ ಇಲ್ದಿರೋ ಸಾರು ಎಷ್ಟು ದಿನ ಕುಡೀಲಿ ನಾನು?"
"ಅಕ್ಕಾ, ನಿಮಗಾದ್ರೂ ಕೇಳಿಸ್ತಲ್ಲ!" ಎಂದು ಮಾಲ್ರ್ಯೆ ಅವರು ಕಣ್ಣೊರೆಸಿಕೊಂಡರು.

ದೂರುದಾರರು ದೂರವಾಣಿ ವಿನಿಮಯ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಕರೆ ಜೋಡಿಸಲು ಪಿನ್ನು ಸಿಕ್ಕಿಸಿದವರೆಂಬುದು ಈ ಕಚೇರಿಗೆ ಆಗಲೇ ತಿಳಿದುಬಂತು. ಅವರು ಮಿಕ್ಸರನ್ನು ಒಮ್ಮೆ ನೋಡಿ, "ಪಿನ್ನು ಅರ್ಧ ಮಾತ್ರ ಒಳಗೆ ಹೋಗಿದೆ. ಅರ್ಧ ಹೋದ್ರೆ ಎರಡೂ ಕಡೆ ಸಮವಾಗಿರೋದು ಹಾರಿಹೋಗುತ್ತೆ. ನಡುವೆ ನಿಂತು ಹಾಡೋರೇ ಮೊದಲು ಹೋಗೋದು," ಎಂದು ಆ ದಪ್ಪ ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿದರು. ಟಕ್ ಎಂದಿತು.

8. ಆ ಕ್ಷಣದಲ್ಲಿ ಮಾಲ್ರ್ಯೆ ಅವರು ಹಾಡುತ್ತಿರಲಿಲ್ಲ. ಮೈಕಿನ ಎದುರು ನಿಂತು, "ನಾಳೆ ಮೊಕ್ಪೋಗೆ ತಂಗಿ ಮನೆಗೆ ಹೋಗ್ಬಿಡ್ತೀನಿ," ಎಂದು ತಮಗೆ ತಾವೇ ಅನ್ನುತ್ತಿದ್ದರು. ಅದು ಮತ್ತೆ ಹೆಡ್‌ಫೋನು ಹಾಕಿ ಡ್ರಮ್ಮಿನ ಮುಂದೆ ಕೂತಿದ್ದ ಜೊಂಗ್‌ಮುನ್ ಅವರ ತಲೆಯ ನಟ್ಟನಡುವೆ, ಉಸಿರಿನ ಸಮೇತ ಕೇಳಿಸಿತು. ಕೋಲುಗಳು ಕೈಯಿಂದ ಜಾರಿದವು.

"ಹೋಗ್ಬೇಡ ಕಣೇ!" ಎಂದರು.

ಕಿವಿ ಮುಚ್ಚಿದ್ದರಿಂದ ದನಿಯ ಅಂದಾಜು ಸಿಗದೆ, ಈ ಹೇಳಿಕೆ ಮೂರನೇ ಮಹಡಿಯವರೆಗೂ ತಲುಪಿತು. ಶಬ್ದಮಾಲಿನ್ಯ ನಿಯಮದಡಿ ಕ್ರಮ ಜರುಗಿಸಬೇಕಿದ್ದರೂ, ಯಾರೂ ದೂರು ನೀಡದ ಕಾರಣ ಕೈಬಿಡಲಾಗಿದೆ.

9. ಸ್ಪರ್ಧೆಯಲ್ಲಿ ತಂಡವು ಐದರಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಮಾಲ್ರ್ಯೆ ಅವರು ಹಾಡು ಮುಗಿಸಿದ ತಕ್ಷಣ ಪತಿ ಬಾರಿಸುವುದನ್ನು ನಿಲ್ಲಿಸಿದ್ದನ್ನು ತೀರ್ಪುಗಾರರು ಗಮನಿಸಲಿಲ್ಲ. ಮಾಲ್ರ್ಯೆ ಗಮನಿಸಿದರು.

10. ಇನ್ನು ಮುಂದೆ ಎಲ್ಲ ಪಿನ್ನುಗಳನ್ನು ಟಕ್ ಎನ್ನುವವರೆಗೆ ಒತ್ತತಕ್ಕದ್ದು. ಟಕ್ ಎನ್ನದಿದ್ದಲ್ಲಿ 704ರ ಬಾಗಿಲು ಬಡಿಯುವುದು; ಬರಿಗೈಯಲ್ಲಿ ಹೋಗತಕ್ಕದ್ದಲ್ಲ.

(ಸಹಿ ಅಸ್ಪಷ್ಟ)
ನಿರ್ವಹಣಾಧಿಕಾರಿ

ಪ್ರತಿಗಳು:
1. ಮನೆ 804: ಗೋಡೆಗೆ ಅಂಟಿಸಲು.
2. ಮನೆ 704: ನಾಲ್ಕನೆಯ ಹೆಡ್‌ಫೋನಿನ ಮಂಜೂರಾತಿಯೊಂದಿಗೆ.
3. ಮಾಲ್ರ್ಯೆ ಅವರ ತಂಗಿ, ಮೊಕ್ಪೋ: ಹಾಸಿಗೆ ಬಿಡಿಸಿಡುವ ಅಗತ್ಯವಿಲ್ಲವೆಂಬ ಮಾಹಿತಿಗಾಗಿ.
4. ಮನೆ 604: ಮೇಲಿನ ಮನೆಯ ಶ್ರೀಮತಿ ಪ್ಯೋ ಅವರೂ ಈಗ ಹಾಡತೊಡಗಿದ್ದಾರೆಂಬ ತಮ್ಮ ದೂರು ತಲುಪಿದೆ. ತಮಗೆ ಯಾವ ವಾದ್ಯ ಬರುತ್ತದೆಂದು ಏಳು ದಿನದೊಳಗೆ ಲಿಖಿತವಾಗಿ ತಿಳಿಸುವುದು.