ಇಬ್ಬರಿಗೊಂದು ಪರದೆಯ ರೂಮು

ಮದುವೆಯಾಗಿ ಇಷ್ಟು ವರ್ಷವಾದರೂ ಪರಿಮಳಾ ಗಂಡನ ಹತ್ತಿರ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಅಂಥವಳು ಒಂದು ಮಂಗಳವಾರ, ಕಟ್ಟಕಡೆಯ ನೆಂಟರ ಎಲೆ ಎತ್ತಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿಯೇಬಿಟ್ಟಳು.

"ಯಂಗೆ ಸೀರೆ ಬ್ಯಾಡ, ಬಳೆ ಬ್ಯಾಡ. ಒಂದೇ ಒಂದು ಹೊತ್ತು ನಾವಿಬ್ರೇ ಎದುರುಬದುರು ಕೂತು ಉಣ್ಣವು. ಬಡಿಸವ್ರು ಬೇರೆ ಯಾರಾದ್ರೂ ಆಗವು."

ಕಮಲಾಕರ ಹೆಗಡೆಗೆ ಇದು ನ್ಯಾಯವೆನಿಸಿತು. ಅವನ ಮನೆ ಶಿರಸಿಯ ಬಸ್ ಸ್ಟ್ಯಾಂಡಿಗೆ ಕೂಗಳತೆಯಲ್ಲಿತ್ತು. ಅದೇ ಆ ಮನೆಯ ದೋಷ. ಸಿದ್ದಾಪುರದಿಂದ ಕೋರ್ಟಿಗೆ ಬಂದವರು, ಯಲ್ಲಾಪುರದಿಂದ ಕಣ್ಣು ತೋರಿಸಲು ಬಂದವರು, ಹುಲಗೋಳದಿಂದ ಸುಮ್ಮನೆ ಬಂದವರು, ಎಲ್ಲರಿಗೂ ಊಟದ ಹೊತ್ತಿಗೆ ಸರಿಯಾಗಿ ಅವನ ನೆನಪಾಗುತ್ತಿತ್ತು. ಅವನು ಪಂಕ್ತಿಯ ತುದಿಯಲ್ಲಿ ಕೂತು ಉಂಡೇಳುತ್ತಿದ್ದ. ಅವಳು ಬಡಿಸುತ್ತಿದ್ದಳು. ಅವಳು ಉಣ್ಣುವ ಹೊತ್ತಿಗೆ ಅವನು ಟೈಪಿಂಗ್ ಕ್ಲಾಸಿನಲ್ಲಿ ಹುಡುಗಿಯರಿಂದ ಎ ಎಸ್ ಡಿ ಎಫ್ ಹೊಡೆಸುತ್ತಿರುತ್ತಿದ್ದ.

"ನಾಳೆಯೇ ಆಗ್ಲಿ. ಜಾಗ ಆನು ನೋಡ್ತೆ," ಎಂದ ಅವನು ಒಳಗಿದ್ದ ತಾಯಿಗೆ ಕೇಳದಂತೆ ಧ್ವನಿ ತಗ್ಗಿಸಿ. "ನೀನು ಟೈಲರ್ ಹತ್ರ ಹೋಗ್ತೆ ಹೇಳಿ ಒಂದು ಗಂಟೆಗೆ ಐದು ರಸ್ತೆಗೆ ಬಾ. ಯಾರತ್ರೂ ಹೇಳಡ. ಗೊತ್ತಾದ್ರೆ ಉಮ್ಮಚಗಿ ಮಾವನೂ ಚಪ್ಪಲಿ ಮೆಟ್ಟಿ ಹೊರಡ್ತ."

ಉಮ್ಮಚಗಿ ಮಾವ ಹಲ್ಲು ಕೀಳಿಸಲು ಬಂದು, ಹಲ್ಲು ಹೋದ ಮೇಲೂ ಮನೆಯಲ್ಲೇ ಉಳಿದಿದ್ದರು.

ಮರುದಿನ ಬೆಳಿಗ್ಗೆ ಕಮಲಾಕರ ಜಾಗ ಹುಡುಕಲು ಹೊರಟ. ಮೊದಲು ಹೊಕ್ಕದ್ದು ಬಸ್ ಸ್ಟ್ಯಾಂಡ್ ಎದುರಿನ ಹೋಟೆಲು. 'ಫ್ಯಾಮಿಲಿ ರೂಮ್' ಎಂದು ಬೋರ್ಡು ಇತ್ತು. ಒಳಗೆ ಇಣುಕಿದರೆ ಈರುಳ್ಳಿ ಚೀಲಗಳು ದೊಡ್ಡ ಸಂಸಾರದಂತೆ ಒಂದಕ್ಕೊಂದು ಒರಗಿ ಕೂತಿದ್ದವು.

"ಎಷ್ಟು ಜನ ಹೆಗಡೇರೆ?" ಎಂದರು ಮಾಲೀಕರು.

"ಇಬ್ಬರೇ."

"ನೀವು ಮತ್ತೆ?"

ಮಾಲೀಕರು ಉಮ್ಮಚಗಿ ಮಾವನ ಇಸ್ಪೀಟಿನ ದೋಸ್ತು. ಕಮಲಾಕರ ತಡವರಿಸಿದ. "ಒಬ್ಬರು ಬರುವವರಿದ್ದಾರೆ."

"ಗಂಡಸ್ರಾ, ಹೆಂಗಸ್ರಾ?"

"ಈರುಳ್ಳಿ ಭಾಳ ಇದೆ, ಇನ್ನೊಮ್ಮೆ ಬರ್ತೇನೆ," ಎಂದು ಅವನು ಮೆಟ್ಟಿಲಿಳಿದ. ಮಾಲೀಕರು ಅವನು ತಿರುವಿನಲ್ಲಿ ಮರೆಯಾಗುವವರೆಗೂ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕತ್ತು ಚಾಚಿ ನೋಡಿದರು.

ಎರಡನೆಯದು ಒಂದು ಲಾಡ್ಜಿನ ಮಾಳಿಗೆಯ ಎಸಿ ಹಾಲ್. ಎಸಿ ಯಂತ್ರ ದಮ್ಮಿನ ಅಜ್ಜನಂತೆ ಏದುಸಿರು ಬಿಡುತ್ತಿತ್ತು. ಕಡಿಮೆ ಎಂದರೆ ಐವತ್ತು ಊಟ ಹೇಳಬೇಕು ಎಂದರು. ಇಬ್ಬರು ಉಂಡು ನಲವತ್ತೆಂಟು ಎಲೆ ಏನು ಮಾಡುವುದು ಎಂದು ಯೋಚಿಸುತ್ತ ಕೆಳಗಿಳಿದರೆ, ಬಾಗಿಲಲ್ಲೇ ಕಲ್ಲಯ್ಯ.

ಕಲ್ಲಯ್ಯ ಬನವಾಸಿ ಕಡೆಯವನು. ಟೈಪಿಂಗ್ ಕ್ಲಾಸಿನ ಕೆಳಗೆ ಅವನ ಬಳೆ ಅಂಗಡಿ, ಹೆಗಡೆಯ ಮನೆಯ ಪಕ್ಕದಲ್ಲಿ ಅವನ ಮನೆ. ಕಮಲಾಕರನ ಬದುಕಿನಲ್ಲಿ ಕಲ್ಲಯ್ಯನಿಗೆ ಕಾಣದ ಮಗ್ಗುಲೇ ಇರಲಿಲ್ಲ.

"ಏನ್ರಿ ಹೆಗಡೇರ, ಲಾಡ್ಜಿನ್ಯಾಗಿಂದ ಇಳಿಯಾಕತ್ತೀರಿ?"

"ಸುಮ್ಮನೆ. ಎಸಿ ನೋಡಲಿಕ್ಕೆ."

"ಈ ಥಂಡ್ಯಾಗ ಎಸಿ ಯಾರಿಗೆ ಬೇಕ್ರಿ?"

ಕಮಲಾಕರ ನಕ್ಕ. ನಗಬಾರದಿತ್ತು. ಕದ್ದವನು ನಕ್ಕಂತೆ ಕಂಡಿತು. ಕಲ್ಲಯ್ಯ ಹೆಗಲ ಟವೆಲ್ಲನ್ನು ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡ.

ಕಡೆಗೆ ಸಿ.ಪಿ. ಬಜಾರಿನಲ್ಲಿ ಹೊಸದಾಗಿ ತೆರೆದಿದ್ದ ಹೋಟೆಲಿನ ಮಾಳಿಗೆಯಲ್ಲಿ ಜಾಗ ಸಿಕ್ಕಿತು. ಸಾಲಾಗಿ ಪುಟ್ಟ ಪುಟ್ಟ ಕೋಣೆ. ಒಂದೊಂದಕ್ಕೂ ಹಸಿರು ಪರದೆ. ತುದಿಯದರಲ್ಲಿ ಒಂದು ಮೇಜು, ಎರಡೇ ಕುರ್ಚಿ, ಕಿಟಕಿ. ಕಿಟಕಿಯಿಂದ ಕೆಳಗಿನ ಬಜಾರಿನ ಗಲಾಟೆಯೆಲ್ಲ ಕಾಣುತ್ತಿತ್ತು, ಗಲಾಟೆಯವರಿಗೆ ಒಳಗಿನವರು ಕಾಣುತ್ತಿರಲಿಲ್ಲ. ಕಮಲಾಕರನಿಗೆ ಕಣ್ಣು ತುಂಬಿ ಬಂದಂತಾಯಿತು.

"ಪರದೆ ದಪ್ಪ ಇದೆಯಾ?" ಎಂದು ಮ್ಯಾನೇಜರ್ ಮಾದೇವನನ್ನು ಕೇಳಿದ.

ಮಾದೇವ ಪರದೆಯನ್ನು ನೋಡಿದ, ಆಮೇಲೆ ಕಮಲಾಕರನನ್ನು ನೋಡಿದ. "ಊಟಕ್ಕೇ ಹೌದಲ್ಲ ಸರ್?"

"ಊಟಕ್ಕೇ. ಯಾರಿಗೂ ಗೊತ್ತಾಗಬಾರದು, ಅಷ್ಟೆ."

ಈ ಮಾತು ಹೇಳುವಾಗ ಪಕ್ಕದ ಪರದೆಯ ಒಳಗೆ ಯಾರೋ ಚಹಾ ಕುಡಿಯುವುದನ್ನು ನಿಲ್ಲಿಸಿದ್ದು ಅವನಿಗೆ ಕೇಳಿಸಲಿಲ್ಲ. ಟೈಪಿಂಗ್ ಕ್ಲಾಸಿಗೆ ಮರಳುವ ಹೊತ್ತಿಗೆ ಕಲ್ಲಯ್ಯ ಬಳೆ ಅಂಗಡಿಯ ಕದವನ್ನು ಅರ್ಧ ಹಾಕಿಕೊಂಡು, ಊಟದ ಹೊತ್ತಿಗೆ ಮೊದಲೇ ಮನೆ ಕಡೆ ಬಿರಬಿರನೆ ನಡೆಯುತ್ತಿದ್ದ.

ಒಂದು ಗಂಟೆಗೆ ಕಮಲಾಕರ ಐದು ರಸ್ತೆಯಲ್ಲಿ ನಿಂತ. ಪರಿಮಳಾ ಬರಲಿಲ್ಲ. ಒಂದೂವರೆಗೂ ಬರಲಿಲ್ಲ. ಬಜಾರಿನಲ್ಲಿ ತನ್ನನ್ನು ಹುಡುಕುತ್ತಿದ್ದರೆ ಕಿಟಕಿಯಿಂದ ಕಂಡಾಳು ಎಂದು ಹೋಟೆಲಿನ ಮಾಳಿಗೆಗೆ ಓಡಿದ. ಕೋಣೆ ಖಾಲಿ. ಮೇಜಿನ ಮೇಲೆ ಎರಡು ಲೋಟ ನೀರು, ಸ್ಟೀಲಿನ ಹೂದಾನಿಯಲ್ಲಿ ಪ್ಲಾಸ್ಟಿಕ್ ಗುಲಾಬಿ. ಪರದೆ ಎಳೆದುಕೊಂಡು ಒಬ್ಬನೇ ಕೂತ. ಹದಿನೈದು ದಿನದ ಮದುಮಗನಂತೆ ಎರಡೆರಡು ಸಲ ಕ್ರಾಪು ಸರಿಮಾಡಿಕೊಂಡ.

ಆಗ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಒಬ್ಬರದಲ್ಲ. ದಿಬ್ಬಣ ಹತ್ತಿ ಬಂದ ಹಾಗಿತ್ತು.

"ಇದ ನೋಡ್ರಿ, ಕಡೀ ರೂಮು," ಇದು ಕಲ್ಲಯ್ಯನ ದನಿ.

"ನೀವು ಹಿಂದ ಸರೀರಿ, ಅಮ್ಮಾರು ಮುಂದ ಹೋಗ್ಲಿ," ಇದು ಅವನ ಹೆಂಡತಿ ದಾಕ್ಷಾಯಿಣಿಯದು.

ಪರದೆ ಸರ್ರನೆ ಸರಿಯಿತು. ಎದುರಿಗೆ ಕಮಲಾಕರನ ತಾಯಿ ಗಂಗೆ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೊಡೆ ಹಿಡಿದು ನಿಂತಿದ್ದಳು.

"ಎಲ್ಲಿದ್ದು ಅದು?"

"ಯಾವ್ದು ಆಯಿ?"

"ಯಾರಿಗೂ ಗೊತ್ತಾಗ್ಲಾಗ ಹೇಳಿ ಪರದೆ ಒಳಗೆ ಕೂರ್ಸಿದ ಹೆಂಗ್ಸು."

ಕಮಲಾಕರ ತಾಯಿಯ ಭುಜದಾಚೆ ನೋಡಿದ. ಒಳ್ಳೆಯ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು, ನಗು ತಡೆಯಲು ತುಟಿ ಕಚ್ಚಿಕೊಂಡು ಪರಿಮಳಾ ನಿಂತಿದ್ದಳು.

"ನಿನ್ನ ಬೆನ್ನ ಹಿಂದೇ ಇದ್ದಲೆ ಆಯಿ," ಎಂದ.

ಗಂಗೆ ತಿರುಗಿದಳು. ಕಲ್ಲಯ್ಯ ತಿರುಗಿದ. ಉಮ್ಮಚಗಿ ಮಾವ ತಿರುಗಿದರು. ಅವರ ಬಾಯಲ್ಲಿ ಇನ್ನೂ ಹತ್ತಿ ಇತ್ತು.

"ಆನು ಮನೇಲೇ ಹೇಳ್ದೆ, ಆ ಹೆಂಗ್ಸು ಆನೇ ಹೇಳಿ," ಎಂದಳು ಪರಿಮಳಾ. "ಗಂಡ ಹೆಂಡ್ತಿ ಉಂಬಲೆ ಪರದೆ ಎಂತಕ್ಕೆ ಬೇಕು ಹೇಳಿ ಅತ್ತೆ ನಂಬಿದ್ವೇ ಇಲ್ಲೆ. ನಿನ್ನ ಮರ್ಯಾದೆ ಉಳಿಸ್ತೆ ಬಾ ತಂಗಿ ಹೇಳಿ ಯನ್ನನ್ನೂ ಎಳ್ಕಂಡು ಬಂದ್ವು."

ಕಲ್ಲಯ್ಯ ಚಾವಣಿಯ ಫ್ಯಾನು ನೋಡತೊಡಗಿದ. "ನಾ ಏನ್ ಅಂದೇನ್ರಿ? ಚಹಾ ಕುಡೀತಿದ್ದೆ, ಕಿವಿಗೆ ಬಿತ್ತು. ಕಿವಿಗೇನು ಪರದಿ ಇರತೈತೇನು?"

ಗಂಗೆಯ ಸಿಟ್ಟು ಇಳಿಯಿತು. ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತು, ಕೋಣೆಯನ್ನು ಸುತ್ತ ನೋಡಿದಳು. ಪರದೆಯನ್ನು ಮುಟ್ಟಿದಳು. ಕಿಟಕಿಯಿಂದ ಬಜಾರನ್ನು ನೋಡಿದಳು.

"ಇಲ್ಲಿ ಕೂತ್ರೆ ಅವ್ರೇ ತಂದು ಬಡಿಸ್ತ್ವಾ?" ಎಂದಳು.

"ಹೌದು ಆಯಿ."

"ಏಳಲೇ ಬ್ಯಾಡ್ದಾ?"

"ಬ್ಯಾಡ."

ಗಂಗೆ ಕೊಡೆಯನ್ನು ಮೇಜಿಗೆ ಒರಗಿಸಿದಳು. "ಆನು ಬಿಸಿ ಅನ್ನ ಉಂಡಿದ್ದು ಬಾಣಂತಿ ಆದಾಗ ಮಾತ್ರ," ಎಂದಳು. ದೂರಿನಂತೆ ಅಲ್ಲ, ಹವಾಮಾನ ಹೇಳಿದಂತೆ.

ಪರಿಮಳಾ ಅತ್ತೆಯ ಮುಖ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಹದವಾಗಿ ಅವನ ತೋಳು ಹಿಡಿದು ಎಬ್ಬಿಸಿ, ಅವನ ಕುರ್ಚಿಯಲ್ಲಿ ತಾನು ಕೂತಳು.

"ನಿಂಗ ಹೊರಗೆ ಅವ್ರ ಜೊತಿಗೆ ಕೂತ್ಗಳಿ," ಎಂದು ಗಂಡನಿಗೆ ಹೇಳಿ ಹಸಿರು ಪರದೆ ಎಳೆದಳು.

ಕಮಲಾಕರ ಹೊರಗಿನ ಉದ್ದ ಮೇಜಿನಲ್ಲಿ ಉಮ್ಮಚಗಿ ಮಾವನಿಗೂ ಕಲ್ಲಯ್ಯನಿಗೂ ನಡುವೆ ಕೂತು ಉಂಡ. ಮಾವ ಜಗಿಯಲಾಗದೆ ಎರಡು ಸಲ ಪಾಯಸ ತರಿಸಿದರು. ದಾಕ್ಷಾಯಿಣಿ ಗಂಡನಿಗೆ ಬುದ್ಧಿ ಹೇಳುತ್ತಲೇ ಅವನ ಹಪ್ಪಳ ತಿಂದಳು. ಪರದೆಯ ಒಳಗಿಂದ ಮೊದಲು ಪಿಸುಮಾತು, ಆಮೇಲೆ ನಗು, ಆಮೇಲೆ ಜೋರು ನಗು. ಮಾಣಿ ಮೇಲಿಂದ ಮೇಲೆ ಒಳಗೆ ಹೋಗುತ್ತಿದ್ದ: ಪೂರಿ, ಮಸಾಲೆ ದೋಸೆ, ಕೆಂಪಗೆ ಹೊಳೆಯುವ ಗೋಬಿ ಮಂಚೂರಿ.

"ಎಂತದೇ ಇದು ತಂಗಿ?" ಎಂಬ ತಾಯಿಯ ದನಿ ಕೇಳಿತು.

"ಹೂಕೋಸು ಅತ್ತೆ."

"ಹೂಕೋಸಿಗೆ ಇಷ್ಟು ರುಚಿ ಇದ್ದು ಹೇಳಿ ಇಷ್ಟು ದಿನ ಗೊತ್ತಿತ್ತಿಲ್ಲೆ. ಇನ್ನೊಂದು ಹೇಳು."

ಕಡೆಗೆ ಅತ್ತೆ ಸೊಸೆ ಬೀಡಾ ಹಾಕಿಕೊಂಡು, ತುಟಿ ಕೆಂಪು ಮಾಡಿಕೊಂಡು ಹೊರಬಂದರು. ಪರಿಮಳಾಳ ಮುಖದಲ್ಲಿ ಅಂಥ ಬೆಳಕನ್ನು ಕಮಲಾಕರ ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ. ಹೋಗಲಿ, ಅವಳು ಕೇಳಿದ್ದರಲ್ಲಿ ಅರ್ಧವಾದರೂ ನಡೆಯಿತಲ್ಲ ಎಂದುಕೊಂಡ. ಉಳಿದರ್ಧಕ್ಕೆ ಇನ್ನೊಂದು ದಿನ ಉಪಾಯ ಮಾಡಿದರಾಯಿತು.

ಅಷ್ಟರಲ್ಲಿ ಗಂಗೆ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಮಾದೇವನಿಗೆ ಹೇಳುತ್ತಿದ್ದಳು. "ಬರೋ ಬುಧವಾರನೂ ಆ ತುದಿ ರೂಮು ಯಾರಿಗೂ ಕೊಡಬೇಡ ತಮಾ. ಇಬ್ಬರಿಗೆ ಬೇಕು."

ಕಮಲಾಕರನ ಎದೆ ತುಂಬಿ ಬಂತು. ತಾಯಿ ಅಂದರೆ ತಾಯಿಯೇ. ಬಾಯಿಬಿಟ್ಟು ಹೇಳದೆಯೇ ಮಗನ ಆಸೆ ತಿಳಿದುಕೊಂಡಳಲ್ಲ. "ಅಷ್ಟೆಲ್ಲ ಎಂತಕ್ಕೆ ಆಯಿ," ಎಂದ ನಾಚಿಕೊಂಡು. "ಯಂಗ ಗಂಡ ಹೆಂಡ್ತಿ ಇಬ್ರು ಮತ್ತೆ ಯಾವಾಗ್ಲಾದ್ರೂ ಬತ್ಯ."

"ನೀನು ಎಲ್ಲಿಗೆ ಬಪ್ಪದು ತಮಾ?" ಎಂದಳು ಗಂಗೆ. "ಇನ್ನು ಬುಧವಾರ ಬುಧವಾರ ಯಂಗ ಅತ್ತೆ ಸೊಸೆ ಇಲ್ಲೇ ಉಂಬದು ಹೇಳಿ ಒಳಗೇ ನಿಶ್ಚಯ ಮಾಡಿ ಆತು. ಮನೆಗೆ ಬಂದ ನೆಂಟ್ರಿಗೆ ಬಡಿಸಲೆ ಯಾರಾದ್ರೂ ಬೇಕಲ."

ಅವನು ಹೆಂಡತಿಯ ಕಡೆ ನೋಡಿದ. ಪರಿಮಳಾ ಪ್ರೀತಿಯಿಂದ ಅವನ ಅಂಗಿಯ ಮೇಲಿನ ಅನ್ನದ ಅಗಳನ್ನು ಕೊಡವಿದಳು.

"ಕುಕ್ಕರು ಮೂರು ಸಲ ಕೂಗಿದ ಮೇಲೆ ಇಳಿಸಿ," ಎಂದಳು. "ಉಳಿದಿದ್ದು ಹೋಗ್ತಾ ಹೋಗ್ತಾ ಹೇಳ್ತೆ."